ಕೆಂಪಣ್ಣನ ಹಿಮ್ಮಡಿ

ಫೋನ್ ಬಡಿದುಕೊಂಡಾಗ ನಾನು ಮೊದಲು ಹುಡುಕುವುದು ಫೋನನ್ನಲ್ಲ, ಕುರ್ಚಿಯನ್ನು. ಕೂತುಕೊಂಡು ಎತ್ತಿದರೆ ಕೆಟ್ಟ ಸುದ್ದಿ ಕೇಳಿ ಬೀಳುವ ದೂರವಾದರೂ ಕಡಿಮೆಯಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಗ್ಯಾಸ್ ಸಿಲಿಂಡರಿನವನು “ಮನೇಲಿದ್ದೀರಾ ಮೇಡಂ” ಎಂದು ಕೇಳಲು ಮಾಡಿದ ಫೋನನ್ನೂ ನಾನು ಹೀಗೇ, ಸೋಫಾದ ಕೈ ಗಟ್ಟಿಯಾಗಿ ಹಿಡಿದುಕೊಂಡು ತೆಗೆದುಕೊಂಡಿದ್ದೇನೆ. ಮನೆಯವರು ಇದನ್ನು ಹುಟ್ಟುಗುಣ ಎಂದು ನಗುತ್ತಾರೆ. ಹುಟ್ಟುವಾಗ ಇದೆಲ್ಲ ಇರಲಿಲ್ಲ. ಅರಬ್ಬರ ನಾಡಿನ ಮನಾಮಾದಲ್ಲಿ, ಸೂಕು ಎನ್ನುವ ಪೇಟೆಯ ಹಿಂದಿನ ಓಣಿಯಲ್ಲಿ, ನೆಲ ಅಂತಸ್ತಿನ ಎರಡು ಕೋಣೆಯ ಮನೆಯಲ್ಲಿ, ಅಪ್ಪನ ಪಕ್ಕದಲ್ಲಿ ಕೂತು ಕಲಿತ ವಿದ್ಯೆ ಇದು. ಬಾಗಿಲು ತಟ್ಟಿದ ಸದ್ದಾದರೆ ಅಪ್ಪ ಮೊದಲು ಕೂತುಕೊಳ್ಳುತ್ತಿದ್ದರು, ಆಮೇಲೆ “ಯಾರದು” ಎನ್ನುತ್ತಿದ್ದರು.

ಅಪ್ಪ ಒಂದು ಫುಟ್ಬಾಲ್ ಕ್ಲಬ್ಬಿನ ಸಾಮಾನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಆಟಗಾರರ ಅಂಗಿ ಚಡ್ಡಿ ಒಗೆಯುವುದು, ಚೆಂಡಿಗೆ ಗಾಳಿ ಹೊಡೆಯುವುದು, ಬೂಟುಗಳ ಮರಳು ಕೊಡವಿ ಹಳೆ ಪೇಪರು ತುರುಕಿಡುವುದು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ವ್ಯಾನ್ ಓಡಿಸುವುದು, ಅದು ಕೆಟ್ಟರೆ ಟುಬ್ಲಿಯ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ಅಲ್ಲಿ ಬೈಸಿಕೊಂಡು ಬರುವುದು. ಕ್ಲಬ್ಬಿಗೆ ಗೋದಾಮು ಇರಲಿಲ್ಲವಾದ್ದರಿಂದ ನಮ್ಮ ಮನೆಯೇ ಗೋದಾಮು. ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಚೀಲದ ಪಕ್ಕ ಸುಣ್ಣದ ಚೀಲ, ಉಪ್ಪಿನಕಾಯಿ ಭರಣಿಗಳ ಮೇಲಿನ ಬಲೆಯಲ್ಲಿ ಚೆಂಡುಗಳು. ಟೆರೇಸಿನ ಹಗ್ಗದ ಮೇಲೆ ಅಂಗಿಗಳು ನಂಬರಿನ ಸಾಲಿನಲ್ಲೇ ಒಣಗಬೇಕು ಎಂಬುದು ಅಪ್ಪನ ಶಿಸ್ತು. ಆ ಸಾಲಿನ ನಡುವೆ ತನ್ನ ಸೀರೆ ಒಣಹಾಕಿ ಏಳನೆಯವನನ್ನೂ ಎಂಟನೆಯವನನ್ನೂ ಬೇರ್ಪಡಿಸುವುದು ಅಮ್ಮನ ಉತ್ತರ. ಅವರ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಹಗ್ಗದ ಮೇಲೆಯೇ ನಡೆದವು. ಏಸಿ ಇದ್ದದ್ದು ಒಂದೇ ಕೋಣೆಗೆ, ಆದ್ದರಿಂದ ಬೇಸಿಗೆಯಲ್ಲಿ ಜಗಳವಾಡಿದವರೂ ಅದೇ ಕೋಣೆಯಲ್ಲಿ ಮಲಗಬೇಕು. ನಲ್ಲಿಯ ನೀರು ಉಪ್ಪು. ಕುಡಿಯುವ ಸಿಹಿನೀರು ಟ್ಯಾಂಕರಿನಲ್ಲಿ ಬರುತ್ತಿತ್ತು.

ಆ ಕಟ್ಟಡ ಕ್ಲಬ್ಬಿನ ಅಧ್ಯಕ್ಷರದು. ಅವರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು, ಎಂದರೆ ಧಣಿ. ಅಪ್ಪನ ಕೆಲಸ ಅವರದು, ಮನೆ ಅವರದು, ನಮ್ಮ ವೀಸಾಕ್ಕೆ ಸಹಿ ಅವರದು, ನಮ್ಮ ಮೂವರ ಪಾಸ್‌ಪೋರ್ಟು ಅವರ ಆಫೀಸಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಅವರು ಕೆಟ್ಟವರಾಗಿರಲಿಲ್ಲ. ಈದ್ ಹಬ್ಬಕ್ಕೆ ಖರ್ಜೂರದ ಡಬ್ಬ ಕಳಿಸುತ್ತಿದ್ದರು. ಆದರೆ ಒಬ್ಬನೇ ಮನುಷ್ಯನ ಮುನಿಸಿನ ಮೇಲೆ ಇಡೀ ಸಂಸಾರ ನಿಂತಿದ್ದರೆ ಆತ ಖರ್ಜೂರ ಕಳಿಸಿದರೂ ಎದೆ ಡವಗುಟ್ಟುತ್ತದೆ. ಅಪ್ಪ ಡಬ್ಬ ತೆರೆಯುವ ಮೊದಲೂ ಕೂತುಕೊಳ್ಳುತ್ತಿದ್ದರು.

ಇಂಥ ಮನೆಯ ಮೇಲಂತಸ್ತಿಗೆ ಒಂದು ಸಂಜೆ ಇಂಗ್ಲಿಷಿನವನೊಬ್ಬ ಬಂದ. ಹೆಸರು ಕೆನ್. ನಾನು ಅಂಕಲ್ ಎನ್ನುತ್ತಿದ್ದೆ. ಅಮ್ಮ ಒಮ್ಮೆ ಅವನ ಮುಖ, ಕುತ್ತಿಗೆ, ಮೊಣಕೈ ನೋಡಿದವಳು ಕೆಂಪಣ್ಣ ಎಂದು ಕರೆದಳು, ಆಮೇಲೆ ನಮ್ಮ ಮನೆಯಲ್ಲಿ ಅದೇ ಉಳಿಯಿತು. ಕ್ಲಬ್ಬು ಅವನನ್ನು ಗೋಲು ಹೊಡೆಯುವುದಕ್ಕೆಂದು ಇಂಗ್ಲೆಂಡಿನಿಂದ ತರಿಸಿತ್ತು. ಇಂಗ್ಲಿಷಿನವರು ಎಂದರೆ ಪಾಮ್ ಮರಗಳ ಹಿಂದಿನ ಬಂಗಲೆಯಲ್ಲಿ ಇರುತ್ತಾರೆ, ಈಜುಕೊಳ ಇರುತ್ತದೆ, ನಮ್ಮಂಥವರು ಅವರ ನಾಯಿಗೆ ಸ್ನಾನ ಮಾಡಿಸುತ್ತೇವೆ ಎಂದೇ ತಿಳಿದಿದ್ದ ನಮಗೆ, ಈ ಮನುಷ್ಯ ಪ್ಲಾಸ್ಟಿಕ್ ಬಕೆಟ್ ಹಿಡಿದು ಟ್ಯಾಂಕರಿನ ಸಾಲಿನಲ್ಲಿ ಮಲಬಾರಿಗಳ ಹಿಂದೆ, ಪಠಾಣರ ಮುಂದೆ ನಿಂತದ್ದು ಕಂಡು ಬಾಯಿ ಮುಚ್ಚಲಿಲ್ಲ. ಮೂರನೇ ದಿನ ಬರಿಯ ಖುಬ್ಬೂಸ್ ರೊಟ್ಟಿ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದವನನ್ನು ಅಮ್ಮ ಕೆಳಗೆ ಕರೆಸಿ ಅನ್ನ, ಸಾಫಿ ಮೀನಿನ ಸಾರು ಬಡಿಸಿದಳು. ಅವನ ಕಣ್ಣು ಮೂಗಿನಿಂದೆಲ್ಲ ನೀರಿಳಿಯಿತು. ತಟ್ಟೆ ಮಾತ್ರ ಖಾಲಿಯಾಯಿತು. ಮರುದಿನ ಕರೆಯದೆಯೇ ಬಂದ.

ಅವನ ಕಥೆ ಹೀಗೆ ಊಟದ ಹೊತ್ತಿಗೆ ತುಂಡುತುಂಡಾಗಿ ಬಂತು. ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ನಾನು ನಡುವೆ ಕೂತು ಅದನ್ನು ಕುಂದಾಪುರದ ಕನ್ನಡಕ್ಕೆ ದಾಟಿಸುತ್ತಿದ್ದೆ. ಶಾಲೆ ಬಿಟ್ಟ ಕೂಡಲೇ ಒಂದು ಕ್ಲಬ್ಬಿಗೆ ಸೇರಿ ದೊಡ್ಡ ಆಟಗಾರರ ಬೂಟು ಒರೆಸಿದ್ದ, ಗ್ಯಾಲರಿ ಗುಡಿಸಿದ್ದ. ಒಬ್ಬ ಸ್ಟ್ರೈಕರನ ಕಾಲು ಮುರಿದ ವಾರ ಇವನನ್ನು ಇಳಿಸಿದರು. ಇವನು ತಲೆಯಿಂದ ಗೋಲು ಹೊಡೆದ. ಆಮೇಲೆ ಕೆಲವು ವರ್ಷ ಅಲ್ಲಿನ ಮೊದಲ ದರ್ಜೆಯ ಪಂದ್ಯಗಳಲ್ಲಿ ಆಡಿದ. ಶನಿವಾರ ಶನಿವಾರ ಸಾವಿರಗಟ್ಟಲೆ ಜನ ಅವನ ಹೆಸರಿಗೆ ರಾಗ ಹಾಕಿ ಹಾಡುತ್ತಿದ್ದರಂತೆ. ಒಮ್ಮೆ ಕೆಸರಿನಲ್ಲಿ ಬಿದ್ದು ಮೊಣಕಾಲಿನ ಆಪರೇಷನ್ ಆಯಿತು. ಅಲ್ಲಿಂದ ಎರಡನೇ ದರ್ಜೆ, ಅಲ್ಲಿಂದ ಮೂರನೆಯದು, ಮತ್ತೆ ಊರೂರಿನ ಸಣ್ಣ ಕ್ಲಬ್ಬು, ನಡುವೆ ಕುಡಿತ, ಹೆಂಡತಿ ತೌರಿಗೆ ಹೋದದ್ದು, ಕುಡಿತ ಬಿಟ್ಟದ್ದು, ಕೊನೆಗೆ ಈ ಮರಳು. ಸ್ಟ್ರೈಕರ್ ಎಂದರೆ ಏನು ಮಾಡುವವನು ಎಂದು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿದರು. ಅಮ್ಮ ಪೂರ್ತಿ ಕೇಳಿಸಿಕೊಂಡಳು.

“ಗೊತ್ತಾಯ್ತ್. ಹತ್ತ್ ಜನ ಬೆವರ್ ಸುರ್ಸಿ ಚೆಂಡ್ ತಂದ್ ಕೊಡೂದ್, ಕಡೆಗ್ ಇವ ಒಂದ್ ಒದ್ದ್ ಹೆಸ್ರ್ ತಕಂಬುದ್. ನಿಮ್ಮ ದೊಡ್ಡಣ್ಣ ಮದ್ವಿ ಮನೆಗ್ ಬಡ್ಸೂಕೆ ಬಪ್ಪುದಿಲ್ಯಾ, ಹಾಂಗೆ.”

ನಾನು ಅದನ್ನೂ ದಾಟಿಸಿದೆ. ಕೆನ್ ಅನ್ನ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಕ್ಕ. ಇಷ್ಟು ಸರಿಯಾಗಿ ಹೇಳಿದ ಒಬ್ಬ ಕೋಚನ್ನೂ ತಾನು ಕಂಡಿಲ್ಲ ಎಂದ. ಆದರೆ ಎರಡನೇ ದರ್ಜೆಗೆ ಹೋದದ್ದು ಹೇಗೆ ಎಂದು ಕೇಳಿದಾಗ ಅವನು “ಮಾರಿದರು” ಎಂದ. ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು.

“ಮಾರೂದಾ? ಮನ್ಷರನ್ನಾ?”

“ಅಲ್ಲಿ ಹಾಂಗೇ ಅಂಬ್ರ್,” ಎಂದರು ಅಪ್ಪ. “ಒಂದ್ ಕ್ಲಬ್ಬಿನವ್ರ್ ಮತ್ತೊಂದ್ ಕ್ಲಬ್ಬಿಗೆ.”

“ಅವ್ನತ್ರ ಕೇಳಿ ಮಾರೂದಾ, ಕೇಳ್ದೇ ಮಾರೂದಾ?”

ಕೆನ್ ಬೆರಳು ಮಡಚಿ ಲೆಕ್ಕ ಹಾಕಿದ. ಮೊದಲ ಸಲ ಕೇಳಿದರು, ಆಮೇಲಿನ ಸಲ ತಾನು ಪೇಪರಿನಲ್ಲಿ ಓದಿದೆ ಎಂದ. ಅಮ್ಮ ಅವತ್ತು ಅವನಿಗೆ ಮೀನಿನ ದೊಡ್ಡ ತುಂಡು ಹಾಕಿದಳು. ಅವನ ಸರದಿ ಬಂದಾಗ ಅವನು ನಮ್ಮ ಪಾಸ್‌ಪೋರ್ಟಿನ ವಿಷಯ ಕೇಳಿದ. ಅದು ಅರ್ಬಾಬರ ಪೆಟ್ಟಿಗೆಯಲ್ಲಿದೆ, ಹೋಗಬೇಕೆಂದರೆ ಕೇಳಿ ತೆಗೆದುಕೊಳ್ಳಬೇಕು ಎಂದು ಅಪ್ಪ ಹೇಳಿದರು. ಅವನ ಕೆಂಪು ಮುಖ ಇನ್ನಷ್ಟು ಕೆಂಪಾಯಿತು. ಇದೇನು ಅನ್ಯಾಯ ಎಂದು ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿ, ಬಂದ ದಿನ ತನ್ನದನ್ನೂ ಇಸಿದುಕೊಂಡಿದ್ದಾರೆ ಎಂದ. ಇಂಗ್ಲಿಷಿನವನ ಪಾಸ್‌ಪೋರ್ಟು ನಮ್ಮದರ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮಲಗಿದೆ ಎಂಬುದು ಅಪ್ಪನಿಗೆ ಎಷ್ಟು ಆಘಾತವೋ ಅಷ್ಟೇ ಹೆಮ್ಮೆ. ಓಣಿಯ ಗೆಳೆಯರಿಗೆಲ್ಲ ಹೇಳಿಕೊಂಡು ಬಂದರು.

ಆ ವರ್ಷ ಬೇಸಿಗೆ ಬೇಗ ಹೊತ್ತಿಕೊಂಡಿತು. ಕಪ್ ಪಂದ್ಯಾವಳಿಯ ಫೈನಲ್ಲಿಗೆ ಎರಡು ದಿನವಿತ್ತು. ಮರಳಿನ ಮೈದಾನ, ಒಣಗಾಳಿ, ದಿನವಿಡೀ ಚಪ್ಪಲಿ. ಕೆನ್‌ನ ಹಿಮ್ಮಡಿಗಳು ಬತ್ತಿದ ಕೆರೆಯ ಹಾಗೆ ಬಿರಿದಿದ್ದವು. ಅವನ ಒಂಬತ್ತನೇ ನಂಬರಿನ ಕಾಲುಚೀಲ ಒಗೆಯುವಾಗ ರಕ್ತ ಬರುತ್ತದೆ ಎಂದು ಅಪ್ಪ ಊಟದ ಹೊತ್ತಿಗೆ ಬಾಯಿ ಬಿಟ್ಟರು. ಅಷ್ಟು ಸಾಕಾಯಿತು. ಅಮ್ಮ ಕುಂದಾಪುರದ ಹತ್ತಿರದ ಕಡಲ ತಡಿಯವಳು. ಅವರ ಮನೆಯಲ್ಲಿ ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಕಪ್ಪು ಎಣ್ಣೆ ಎರಡು ಕೆಲಸಕ್ಕೆ ಬರುತ್ತಿತ್ತು. ಒಂದು, ದೋಣಿಯ ಮರಕ್ಕೆ ಹುಳ ಹಿಡಿಯದಂತೆ ಬಳಿಯುವುದು. ಇನ್ನೊಂದು, ಮನುಷ್ಯರ ಒಡೆದ ಹಿಮ್ಮಡಿಗೆ ಬಿಡುವುದು. ಊರಿಂದ ಬರುವಾಗ ಆ ಎಣ್ಣೆಯ ಬಾಟಲಿಯೊಂದನ್ನು ಅಮ್ಮ ಸೀರೆಗಳ ಮಧ್ಯೆ ಸುತ್ತಿ ತಂದಿದ್ದಳು. ನಮ್ಮ ಕಡೆಯ ಗೃಹಿಣಿಯರ ವೈದ್ಯಕ್ಕೆ ರೋಗಿಯ ಒಪ್ಪಿಗೆ ಬೇಕಾಗುವುದಿಲ್ಲ. ಅವನನ್ನು ಮಣೆಯ ಮೇಲೆ ಕೂರಿಸಿದಳು, ಎಣ್ಣೆ ಬಿಸಿ ಮಾಡಿದಳು, ಕಡ್ಡಿಗೆ ಹತ್ತಿ ಸುತ್ತಿದಳು. ಅವಳ ತಪ್ಪು ಇಷ್ಟೇ: ಹಿಮ್ಮಡಿ ಎಂದರೆ ಎಲ್ಲರದೂ ಹಿಮ್ಮಡಿಯೇ ಎಂದುಕೊಂಡದ್ದು. ಅವಳದು ಹುಟ್ಟಿದಾಗಿನಿಂದ ಬರಿಗಾಲಲ್ಲಿ ಕಡಲ ಮರಳು ತುಳಿದು ತೆಂಗಿನ ಕರಟವಾಗಿದ್ದ ಹಿಮ್ಮಡಿ. ಬಿರುಕಿಗೆ ಒಂದೊಂದು ಹನಿ ಬಿಡುವ ಎಣ್ಣೆಯನ್ನು, ಆಳು ದೊಡ್ಡವನು, ಫೈನಲ್ ಬೇರೆ ಹತ್ತಿರ ಬಂದಿದೆ ಎಂದು ಎರಡೂ ಕಾಲಿಗೆ ಧಾರಾಳವಾಗಿ ಸವರಿ ಮೇಲೆ ಬಟ್ಟೆ ಕಟ್ಟಿಬಿಟ್ಟಳು.

“ಉರಿಯುತ್ತದಂತೆ,” ಎಂದೆ ನಾನು.

“ಉರೀಕ್,” ಎಂದಳು ಅಮ್ಮ. “ಉರಿದ್ರೇ ಗುಣ ಆಪ್ದ್ ಅಂದ್ ಹೇಳ್.”

ಹೇಳಿದೆ. ಅವನು ಹಲ್ಲು ಕಚ್ಚಿ, ಧನ್ಯವಾದ ಹೇಳಿ ಮೇಲೆ ಹೋದ.

ಮರುದಿನ ಬೆಳಿಗ್ಗೆ ಕೆನ್ ಮೆಟ್ಟಿಲಿಳಿದು ಬಂದದ್ದು ಕೂತುಕೊಂಡು. ಮಗುವಿನ ಹಾಗೆ ಒಂದೊಂದು ಮೆಟ್ಟಿಲಿಗೂ ಅಂಡೂರಿ, ಎರಡೂ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದು. ಆ ಕಾಲುಗಳನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ, ಬೇರೆಯವರಿಗೆ ಅಂಥ ಕನಸಿಗೆ ದೆವ್ವ ಭೂತ ಬೇಕಾಗುತ್ತದೆ. ಹಿಮ್ಮಡಿಯಿಂದ ಗಿಣ್ಣಿನವರೆಗೆ ಕಪ್ಪುಗೆಂಪು, ಮೇಲೆಲ್ಲ ದ್ರಾಕ್ಷಿಗೊಂಚಲಿನ ಹಾಗೆ ನೀರು ತುಂಬಿದ ಗುಳ್ಳೆಗಳು. ಅಪ್ಪ ಸುಣ್ಣದ ಚೀಲದ ಮೇಲೆ ಕೂತರು, ಅದು ಒಡೆದು ಅಡುಗೆಮನೆ ತುಂಬ ಬಿಳಿ ಧೂಳೆದ್ದಿತು, ಅವರು ಏಳಲಿಲ್ಲ. ಅಮ್ಮ ಗೋಡೆಗೆ ಒರಗಿದಳು. ಅರ್ಬಾಬ್ ವಿಮಾನದ ಖರ್ಚು ಕೊಟ್ಟು ತರಿಸಿದ ಆಟಗಾರ, ಫೈನಲ್ಲಿನ ಹಿಂದಿನ ದಿನ, ಸಾಮಾನಿನವನ ಹೆಂಡತಿಯ ಕೈಯಲ್ಲಿ ಸುಟ್ಟುಹೋಗಿದ್ದಾನೆ. ನನ್ನ ತಲೆ ಆಗಲೇ ಓಡತೊಡಗಿತ್ತು: ಕಬ್ಬಿಣದ ಪೆಟ್ಟಿಗೆ ತೆರೆಯುತ್ತದೆ, ಮೂರು ಪಾಸ್‌ಪೋರ್ಟು ಹೊರಬರುತ್ತವೆ, ಶಾಲೆಯಲ್ಲಿ ನನ್ನ ಡೆಸ್ಕಿನಲ್ಲಿ ಬೇರೆ ಯಾರೋ ಕೂರುತ್ತಾರೆ.

ನಮ್ಮ ಮೂವರ ಮುಖ ನೋಡಿ ಕೆನ್ ಅರ್ಥ ಮಾಡಿಕೊಂಡ. ಅವನಿಗೂ ಆ ಪೆಟ್ಟಿಗೆ ಗೊತ್ತಿತ್ತಲ್ಲ.

“ಟೆರೇಸಿನಲ್ಲಿ ಬರಿಗಾಲಲ್ಲಿ ನಡೆದೆ,” ಎಂದ ನನಗೆ. “ನಿನ್ನೆ ಮಧ್ಯಾಹ್ನ. ಬಟ್ಟೆ ತೆಗೆಯುವುದಕ್ಕೆ. ನಿನ್ನ ಅಪ್ಪನಿಗೆ ಹೇಳು, ನಡೆದದ್ದು ಇಷ್ಟೇ.”

ಕ್ಲಬ್ಬಿನ ಡಾಕ್ಟರು ಬಂದಾಗಲೂ ಅದನ್ನೇ ಹೇಳಿದ. ಫೈನಲ್ ಅವನಿಲ್ಲದೆ ನಡೆಯಿತು, ಕ್ಲಬ್ಬು ಸೋತಿತು. ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಅಮ್ಮ ಮೂರು ಹೊತ್ತೂ ಗಂಜಿ, ಚಟ್ನಿ ಮೇಲೆ ಕಳಿಸಿದಳು, ನಾನೇ ಒಯ್ಯುತ್ತಿದ್ದೆ. ಆಮೇಲೊಂದು ಮಧ್ಯಾಹ್ನ ಅಪ್ಪ ಸುದ್ದಿ ತಂದರು. ಸುಡುವ ಸಿಮೆಂಟಿನ ಮೇಲೆ ಎರಡೂ ಕಾಲು ಬೇಯುವ ತನಕ ನಿಲ್ಲುವವನು ನೆಟ್ಟಗಿರುವ ಮನುಷ್ಯನಲ್ಲ, ಕುಡಿದಿದ್ದ ಎಂದು ಕ್ಲಬ್ಬಿನಲ್ಲಿ ತೀರ್ಮಾನವಾಗಿದೆ. ಹಿಂದೆ ಕುಡಿಯುತ್ತಿದ್ದನೆಂಬುದು ಎಲ್ಲರಿಗೂ ಗೊತ್ತು. ವಾಪಸು ಕಳಿಸುತ್ತಾರೆ. ಇಂಗ್ಲೆಂಡಿನಲ್ಲಿ ಯಾರು ಕೇಳಿದರೂ ಕುಡಿತಕ್ಕೆ ತೆಗೆದೆವು ಎಂದೇ ಹೇಳುತ್ತಾರೆ. ಅಪ್ಪನ ದನಿಯಲ್ಲಿ ದುಃಖವಿತ್ತು, ಅದಕ್ಕಿಂತ ದೊಡ್ಡದಾದ ನೆಮ್ಮದಿಯೂ ಇತ್ತು. ಅಮ್ಮನಿಗೆ ಎರಡೂ ಕೇಳಿಸಿತು. ಅವಳ ಅಪ್ಪ ಕುಡಿದು ದೋಣಿ ಕಳೆದುಕೊಂಡವರು. ಕುಡುಕ ಎಂಬ ಮಾತನ್ನು ಅವಳು ಮನೆಯೊಳಗೆ ಬೈಗುಳವಾಗಿ ಕೂಡ ಬಳಸುತ್ತಿರಲಿಲ್ಲ.

“ನಾ ಹೋಯಿ ಹೇಳ್ತೆ,” ಎಂದಳು. “ಅವ ಕುಡಿಲ್ಲ, ನಾನ್ ಸುಟ್ಟದ್ದ್ ಅಂದ್.”

“ನಿಂಗೆ ತಲಿ ಸಮ ಇತ್ತಾ? ಅವ್ನ ಹೆಸ್ರ್ ಹೋದ್ರೆ ಅವ ಅವ್ನ ಊರಿಗ್ ಹೋತ. ನಮ್ಮ ಕೆಲ್ಸ ಹೋದ್ರೆ ನಾವ್ ಎಲ್ಲಿಗ್ ಹೋಪುದ್?”

“ನಾವೂ ಊರಿಗ್ ಹೋಪುದ್. ನಮ್ಮೂರೆಂತ ಸಮುದ್ರಕ್ಕೆ ಬಿದ್ದಿತಾ?”

“ಊರಲ್ ಎಂತ ಇತ್ತ್ ಮಾರಾಯ್ತಿ? ಈ ಹೆಣ್ಣಿನ ಶಾಲಿ?”

ಅಮ್ಮ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ನನ್ನ ಶಾಲೆ, ನನ್ನ ಇಂಗ್ಲಿಷು, ನನ್ನ ಇಸ್ತ್ರಿ ಮಾಡಿದ ಯೂನಿಫಾರ್ಮು ಎಲ್ಲ ಒಂದು ತಕ್ಕಡಿಯಲ್ಲಿ ಕೂತವು; ಇನ್ನೊಂದರಲ್ಲಿ ಮೇಲಂತಸ್ತಿನಲ್ಲಿ ಬ್ಯಾಂಡೇಜು ಕಟ್ಟಿಕೊಂಡು ಲಂಡನ್ ರೇಡಿಯೋ ಕೇಳುತ್ತ ಮಲಗಿದ್ದ ದೊಡ್ಡ ಆಳು. ನನ್ನ ಪರವಾಗಿ ತೂಗುತ್ತದೆ ಎಂದೇ ನನಗೆ ಖಾತ್ರಿಯಿತ್ತು.

“ನಮ್ಮನೆಲ್ ಉಂಡವ್ನಿಗ್ ಕುಡ್ಕ ಅಂತ್ರಲೆ,” ಎಂದಳು, ಯಾರಿಗೂ ಅಲ್ಲದ ಹಾಗೆ.

ಮರುದಿನ ಬೆಳಿಗ್ಗೆ ಅಪ್ಪ ವ್ಯಾನ್ ತೆಗೆದುಕೊಂಡು ಹೋದ ಮೇಲೆ ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಳು. ಎಣ್ಣೆಯ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡಳು, ನನ್ನ ಕೈ ಹಿಡಿದಳು. ಅರ್ಬಾಬರ ಬೈಠಕ್ ಕೋಣೆಯಾದ ಮಜ್ಲಿಸಿನಲ್ಲಿ ಗೋಡೆಗೆ ಒರಗಿ ಕೂತ ಗಂಡಸರು ಕಾಫಿ ಕುಡಿಯುತ್ತಿದ್ದರು. ಹೆಂಗಸೊಬ್ಬಳು ಒಳಗೆ ಬಂದದ್ದಕ್ಕೇ ಅರ್ಧ ಜನ ಕಣ್ಣು ತಗ್ಗಿಸಿದರು. ನನ್ನ ಅಗತ್ಯ ಬೀಳಲಿಲ್ಲ. ಹಳೆ ಕಾಲದ ವ್ಯಾಪಾರಿಗಳಾದ ಅರ್ಬಾಬ್ ಮುತ್ತಿನ ವ್ಯವಹಾರಕ್ಕೆ ಬೊಂಬಾಯಿ ಸುತ್ತಿದವರು, ಅಮ್ಮನಿಗಿಂತ ಒಳ್ಳೆಯ ಹಿಂದಿ ಅವರದು. ಅಮ್ಮ ತನಗೆ ಬಂದ ಹಿಂದಿಯಲ್ಲಿ, ವ್ಯಾಕರಣಕ್ಕೆ ತೊಂದರೆ ಕೊಡದೆ, ಎರಡೇ ಮಾತು ಹೇಳಿದಳು: ಅವನು ಕುಡಿದಿರಲಿಲ್ಲ. ಈ ಎಣ್ಣೆ ಹಚ್ಚಿ ಸುಟ್ಟವಳು ನಾನು.

ಅರ್ಬಾಬ್ ಬಾಟಲಿ ಇಸಿದುಕೊಂಡು ಬಿರಡೆ ತೆಗೆದು ಮೂಸಿದರು. ಆಮೇಲೆ ಬೆರಳು ಅದ್ದಲು ಹೋದರು. ಅಮ್ಮ ಹಾರಿ ಅವರ ಕೈ ಹಿಡಿದಳು.

ನಾನು ಕಣ್ಣು ಮುಚ್ಚಿದೆ. ಪರಗಂಡಸಿನ ಕೈ, ಅದರಲ್ಲೂ ಅರ್ಬಾಬರ ಕೈ, ತುಂಬಿದ ಮಜ್ಲಿಸಿನಲ್ಲಿ. ಪಾಸ್‌ಪೋರ್ಟು ಬಿಡಿ, ಜೈಲಿಗೇ ಹಾಕುತ್ತಾರೆ ಎಂದುಕೊಂಡೆ. ಜೈಲಿನಲ್ಲಿ ಅಮ್ಮನಿಗೆ ಕುಚ್ಚಲಕ್ಕಿ ಯಾರು ಕೊಡುತ್ತಾರೆ ಎಂಬಲ್ಲಿಯವರೆಗೂ ತಲುಪಿದ್ದೆ. ಕಣ್ಣು ಬಿಟ್ಟಾಗ ಅರ್ಬಾಬ್ ಮೆಲ್ಲಗೆ ಕೈ ಬಿಡಿಸಿಕೊಂಡು ತಮ್ಮ ಉದ್ದ ಅಂಗಿಯ ತೋಳು ಮೇಲೆ ಸರಿಸುತ್ತಿದ್ದರು. ಮೊಣಕೈಯ ಒಳಬದಿಯಲ್ಲಿ ನಾಣ್ಯದಷ್ಟು ದೊಡ್ಡ ಸುಟ್ಟ ಕಲೆಗಳು, ಒಂದರ ಕೆಳಗೆ ಒಂದು.

“ನನ್ನ ಅಜ್ಜಿ,” ಎಂದರು. “ಕಾದ ಕಬ್ಬಿಣ. ಹೊಟ್ಟೆನೋವು ಎಂದು ಅತ್ತಿದ್ದೆ.”

ಅಮ್ಮ ಬಗ್ಗಿ ನೋಡಿದಳು. ಹೆದರಿಕೆ ಮರೆತು, ಒಬ್ಬ ವೈದ್ಯೆ ಇನ್ನೊಬ್ಬಳ ಕೆಲಸ ನೋಡುವ ಹಾಗೆ ನೋಡಿದಳು.

“ನಮ್ಮಲ್ಲೂ ಬರೆ ಹಾಕ್ತಾರೆ, ಕಾಮಾಲೆಗೆ. ಹೊಟ್ಟೆನೋವು ಹೋಯಿತಾ?”

“ಅವತ್ತೇ ಹೋಯಿತು ಬಹೆನ್. ಅಜ್ಜಿ ಸಾಯುವ ತನಕ ಮತ್ತೆ ಹೊಟ್ಟೆನೋವು ಎನ್ನಲಿಲ್ಲ.”

ಮಜ್ಲಿಸು ನಕ್ಕಿತು. ಅರ್ಬಾಬ್ ನಗಲಿಲ್ಲ. ಇಂಗ್ಲಿಷಿನವನು ಯಾಕೆ ಸುಳ್ಳು ಹೇಳಿದ ಎಂದು ಕೇಳಿದರು. ನಮ್ಮ ಕೆಲಸ ಹೋಗಬಾರದೆಂದು ಎಂದಳು ಅಮ್ಮ. ಅವರು ಬಾಟಲಿಗೆ ಬಿರಡೆ ಹಾಕಿ ಪಕ್ಕದಲ್ಲಿಟ್ಟುಕೊಂಡರು. ತಮ್ಮ ಆಟಗಾರರಿಗೆ ಇನ್ನು ಮೇಲೆ ಅಕ್ಕ ಊಟ ಮಾತ್ರ ಹಾಕಬೇಕು, ಔಷಧಿ ಡಾಕ್ಟರಿಗೆ ಬಿಡಬೇಕು ಎಂದರು. ಅಂಥ ಮನುಷ್ಯನನ್ನು ಕುಡುಕನೆಂದು ಕಳಿಸುವುದಿಲ್ಲ, ಕಾಲು ವಾಸಿಯಾಗಲಿ, ಲೀಗಿನ ಕೊನೆಯ ಪಂದ್ಯ ಆಡಲಿ, ಚೆನ್ನಾಗಿ ಆಡಿದರೆ ಮುಂದಿನ ವರ್ಷವೂ ಇರಲಿ ಎಂದರು. ಬಾಟಲಿ ವಾಪಸು ಕೊಡಲಿಲ್ಲ.

ಅಮ್ಮ ಓಣಿಯಲ್ಲಿ ಗೆದ್ದ ಕೋಳಿಯ ಹಾಗೆ ನಡೆದಳು. ಸೀದಾ ಮೇಲಂತಸ್ತಿಗೆ ಹೋಗಿ, ಬಾಗಿಲಲ್ಲೇ ನಿಂತು, ಎಲ್ಲ ಹೇಳು ಎಂದು ನನ್ನನ್ನು ಮುಂದೆ ತಳ್ಳಿದಳು. ನಾನು ಒಂದೂ ಬಿಡದೆ ಹೇಳಿದೆ. ಕೆನ್ ಎದ್ದು ಕುಣಿಯುತ್ತಾನೆ, ಕನಿಷ್ಠ ಕಣ್ಣೀರಾದರೂ ಹಾಕುತ್ತಾನೆ ಎಂದುಕೊಂಡಿದ್ದೆವು. ಅವನು ರೇಡಿಯೋ ಆರಿಸಿದ. ಮುಖದ ಕೆಂಪು ನಿಧಾನವಾಗಿ ಇಳಿದು ಒಂದು ಥರದ ಬೂದಿ ಬಣ್ಣ ಬಂತು.

“ಹಾಗಾದರೆ ನಾನು ಆಡಬೇಕು,” ಎಂದ.

ಅದನ್ನು ನಾನು ದಾಟಿಸಿದಾಗ ಅಮ್ಮ, ಹೌದು, ಆಡಬಹುದು ಎಂದಳು. ಅವನು ತಲೆಯಲ್ಲಾಡಿಸಿ ಚಡ್ಡಿಯ ಅಂಚು ಮೇಲೆತ್ತಿ ಮೊಣಕಾಲಿನ ಮೇಲೆ ಕೈಯಿಟ್ಟ. ಹಳೆಯ ಹೊಲಿಗೆಯ ಗುರುತಿನ ಸುತ್ತ ಅದು ತೆಂಗಿನಕಾಯಿಯ ಹಾಗೆ ಊದಿತ್ತು. ಕಾಲು ಸುಡುವುದಕ್ಕೆ ಮೊದಲೇ ಹೀಗಿತ್ತಂತೆ. ಫೈನಲ್ ಆಡಿದ್ದರೆ ಅವತ್ತೇ ಎಲ್ಲರಿಗೂ ಗೊತ್ತಾಗುತ್ತಿತ್ತಂತೆ. ಅವನು ಒಂದೊಂದೇ ಮಾತು ಹೇಳಿ, ನಾನು ಅದನ್ನು ಅಮ್ಮನಿಗೆ ದಾಟಿಸುವ ತನಕ ಕಾದ.

“ಕುಡಿದು ಕೆಟ್ಟ ಸ್ಟ್ರೈಕರನನ್ನು ಯಾರಾದರೂ ಮತ್ತೆ ಕರೆಯುತ್ತಾರೆ. ಕುಡಿತ ಬಿಡಬಹುದಲ್ಲ. ಮೊಣಕಾಲು ಹೋದವನನ್ನು ಯಾರು ಕರೆಯುತ್ತಾರೆ? ನಿನ್ನ ಅಮ್ಮನ ಎಣ್ಣೆ ನನಗೆ ದೇವರು ಕೊಟ್ಟ ಹಾಗಿತ್ತು.”

ಅಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಪ್ಪ ಕೂತದ್ದನ್ನು ಸಾವಿರ ಸಲ ನೋಡಿದ್ದೆ. ಅಮ್ಮ ಹಾಗೆ ಕೂತದ್ದು ಅದೇ ಮೊದಲು. ನಮ್ಮನ್ನು ಕಾಯಲು ಅವನು ಸುಳ್ಳು ಹೇಳಿದ್ದು ನಿಜ, ಆ ಸುಳ್ಳಿನ ನೆರಳಲ್ಲಿ ತಾನೂ ನಿಂತುಕೊಂಡಿದ್ದು ಅಷ್ಟೇ ನಿಜ. ಅವನ ಹೆಸರು ಉಳಿಸಲು ನನ್ನ ಶಾಲೆಯನ್ನೂ ಪಣಕ್ಕಿಟ್ಟು ಹೋಗಿದ್ದವಳು ಅವನಿಗಿದ್ದ ಒಂದೇ ಮರೆಯನ್ನು ಕಿತ್ತುಕೊಂಡು ಬಂದಿದ್ದಳು. ಸಂಜೆ ಅಪ್ಪನಿಗೆ ಎಲ್ಲ ಗೊತ್ತಾದಾಗ ಅವರು ಬೈಯಲಿಲ್ಲ. ಕೆಲಸ ಉಳಿದಿದೆಯಾ ಎಂದು ಎರಡು ಸಲ ಕೇಳಿದರು, ಉಳಿದಿದೆ ಎಂದ ಮೇಲೂ ಅವತ್ತು ಊಟ ಮಾಡಲಿಲ್ಲ.

ಕಾಲು ವಾಸಿಯಾಯಿತು. ಸುಟ್ಟ ಚರ್ಮ ಉದುರಿ ಹಸುಗೂಸಿನದಂಥ ಹೊಸ ಹಿಮ್ಮಡಿ ಬಂತು, ಹುಡುಕಿದರೂ ಒಂದು ಬಿರುಕಿಲ್ಲ. ಬೇರೆ ಹೊತ್ತಾಗಿದ್ದರೆ ಅಮ್ಮ ಅದನ್ನು ಓಣಿಗೆಲ್ಲ ತೋರಿಸಿಕೊಂಡು ಬರುತ್ತಿದ್ದಳು. ಈಗ ಬಡಿಸುವಾಗ ಕೂಡ ಆ ಕಡೆ ನೋಡಲಿಲ್ಲ. ಲೀಗಿನ ಕೊನೆಯ ಪಂದ್ಯದ ಸಂಜೆ, ಯಾವತ್ತೂ ಮೈದಾನದ ಹತ್ತಿರ ಸುಳಿಯದವಳು, ತಾನೂ ಬರುತ್ತೇನೆ ಎಂದಳು. ಅಪ್ಪ ವ್ಯಾನನ್ನು ಅವರೇ ಎಳೆದ ಸುಣ್ಣದ ಗೆರೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಅಮ್ಮ, ನಾನು ಹಿಂದಿನ ಬಾಗಿಲು ತೆರೆದು ಚೆಂಡಿನ ಬಲೆಗಳ ನಡುವೆ ಕೂತೆವು.

ಮೊದಲ ಚೆಂಡು ಅವನ ಕಡೆ ಬಂದಾಗ ಜನ ಎದ್ದು ನಿಂತರು. ಹದಿನೆಂಟು ವರ್ಷವಿರಬಹುದು, ಎದುರಿನ ತಂಡದ ಹುಡುಗನೊಬ್ಬ ಬಂದು ಅವನ ಕಾಲ ಮುಂದಿನಿಂದ ಚೆಂಡನ್ನು ಕೇಳಿ ತೆಗೆದುಕೊಂಡ ಹಾಗೆ ತೆಗೆದುಕೊಂಡು ಹೋದ. ಕೆನ್ ತಿರುಗುವಷ್ಟರಲ್ಲಿ ಅವನು ಆಚೆ ಮುಟ್ಟಿದ್ದ. ಎರಡನೇ ಸಲವೂ ಹಾಗೇ. ಮೂರನೇ ಸಲ ಯಾರೋ “ಜದ್ದಿ” ಎಂದು ಕೂಗಿದರು, ಅಜ್ಜ ಎಂದು. ಗ್ಯಾಲರಿಗೆ ಅದು ಹಿಡಿಸಿತು. ಜದ್ದಿ, ಜದ್ದಿ ಎಂದು ಚಪ್ಪಾಳೆ ತಟ್ಟಿ ರಾಗ ಹಾಕಿ ಹಾಡತೊಡಗಿದರು. ಅಮ್ಮ ಏನಂತಾರೆ ಎಂದು ಕೇಳಿದಳು. ಅವತ್ತು ಮೊದಲ ಬಾರಿಗೆ ನನಗೆ ಒಂದು ಮಾತನ್ನು ದಾಟಿಸಲು ಮನಸ್ಸಾಗಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ. ಒಂದೇ ಒಂದು ಸಲ, ಬದಿಯಿಂದ ಚೆಂಡು ಎತ್ತರಕ್ಕೆ ಹಾರಿ ಬಂತು. ಅದು ಎಲ್ಲಿ ಇಳಿಯುತ್ತದೆ ಎಂದು ಬೇರೆ ಯಾರಿಗೂ ಗೊತ್ತಾಗುವ ಮೊದಲೇ ಕೆನ್ ಅಲ್ಲಿ ನಿಂತಿದ್ದ. ಕೈ ಬಿಡಿಸಿ, ಎದೆ ಎತ್ತಿ, ಕಣ್ಣು ಮೇಲೆ ನೆಟ್ಟು. ಬೇಕಿದ್ದದ್ದು ಒಂದು ಜಿಗಿತ. ಮೊಣಕಾಲು ಏಳಲಿಲ್ಲ. ಚೆಂಡು ಅವನ ಕೂದಲನ್ನಷ್ಟೇ ಸವರಿ ಆಚೆ ಹೋಗಿ ಮರಳಿನಲ್ಲಿ ಬಿತ್ತು. ಅರ್ಧ ಆಟಕ್ಕೆ ಮೊದಲೇ ಕೋಚು ಕೈಸನ್ನೆ ಮಾಡಿ ಅವನನ್ನು ಹೊರಗೆ ಕರೆದ.

ಅವನು ಬೆಂಚಿನ ಕಡೆ ಹೋಗಲಿಲ್ಲ. ಗೆರೆ ದಾಟಿ ನೇರ ವ್ಯಾನಿನ ಹತ್ತಿರ ಬಂದು ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಅಮ್ಮ ನೀರಿನ ಫ್ಲಾಸ್ಕ್ ಕೊಟ್ಟಳು. ಅವನು ಕುಡಿದ. ಆಚೆ ಆಟ ನಡೆದೇ ಇತ್ತು, ಅವನ ಜಾಗಕ್ಕೆ ಇಳಿದ ಹುಡುಗನ ಹೆಸರನ್ನು ಜನ ಆಗಲೇ ಕೂಗುತ್ತಿದ್ದರು. ಅಮ್ಮ ಕ್ಷಮೆ ಕೇಳುತ್ತಾಳೆ, ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ನಾನು ಒಳಗೇ ಜೋಡಿಸುತ್ತಿದ್ದೆ. ಅವಳು ಕೇಳಿದ್ದೇ ಬೇರೆ.

“ಇನ್ನ್ ಮುಂದೆ ಎಂತ ಮಾಡ್ತ ಅಂದ್ ಕೇಳ್ ಹೆಣೆ.”

ಕೇಳಿದೆ. ಅವನು ಮೈದಾನ ನೋಡುತ್ತಲೇ ಉತ್ತರ ಕೊಟ್ಟ.

“ಗೊತ್ತಿಲ್ಲವಂತೆ,” ಎಂದೆ.

ಅಮ್ಮ ನಂಬಲಿಲ್ಲ. ಇಷ್ಟು ದೊಡ್ಡ ಆಳು, ಸಾವಿರಾರು ಜನ ಹೆಸರು ಹಾಡಿದ ಮನುಷ್ಯ, ಇಂಗ್ಲಿಷಿನವನು ಬೇರೆ. ನನ್ನ ಇಂಗ್ಲಿಷಿನಲ್ಲೇ ಏನೋ ಐಬಿದೆ ಎಂದುಕೊಂಡಳು.

“ಸಮ ಕೇಳ್.”

ಸರಿಯಾಗಿ ಕೇಳಿದೆ. ನಿಧಾನವಾಗಿ, ಶಾಲೆಯಲ್ಲಿ ಕಲಿಸಿದ ಹಾಗೆ, ಪೂರ್ತಿ ವಾಕ್ಯ ಮಾಡಿ ಕೇಳಿದೆ. ಈ ಸಲ ಅವನು ನನ್ನ ಕಡೆ ತಿರುಗಿ, ಅಷ್ಟೇ ನಿಧಾನವಾಗಿ, ಅದೇ ಮಾತು ಹೇಳಿದ. ಅಮ್ಮ ಚೆಂಡಿನ ಬಲೆಯನ್ನು ಪಕ್ಕಕ್ಕೆ ನೂಕಿ, ಸೀರೆ ಎಳೆದುಕೊಂಡು, ಅವನಿಗೆ ಒಳಗೆ ಕೂರಲು ಜಾಗ ಮಾಡಿದಳು.